"ಅಪ್ ಟು" ಅನ್ನೋ ಮಾಯೆ

ನಮ್ಮ ಬನಶಂಕರಿ ಎರಡನೇ ಹಂತದಲ್ಲಿ ಇಂಟರ್ನೆಟ್ ಕೇಬಲ್ಲು ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಜೋತಾಡಿಕೊಂಡು ಮನೆಗೆ ಬರುತ್ತೆ. ಜೋರು ಮಳೆಗೆ ಒಂದು ಕೊಂಬೆ ಬಿತ್ತೋ, ಅರ್ಧ ಬೀದಿಗೆ ಕನೆಕ್ಷನ್ ಇಲ್ಲ! ಮಗುವಿನ ಆನ್‌ಲೈನ್ ಪರೀಕ್ಷೆ, ಆಫೀಸಿನ ಮೀಟಿಂಗು ಎಲ್ಲಾ ಗೋವಿಂದ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂದ್ರೆ ಇದೇ ನೋಡಿ.

ಮಳೆಯನ್ನ ಬೈದು ಪ್ರಯೋಜನ ಇಲ್ಲ ಬಿಡಿ. ನನ್ನ ತಕರಾರು ಇರೋದು "ಅಪ್ ಟು" ಅನ್ನೋ ಮಾತಿನ ಮೇಲೆ. "ಅಪ್ ಟು 100 ಎಂಬಿಪಿಎಸ್" ಅಂದ್ರೆ ನೂರು ದಾಟಲ್ಲ ಅಂತ ಅರ್ಥ, ಅಷ್ಟೇ. ಎಷ್ಟಕ್ಕಿಂತ ಕೆಳಗಿಳಿಯಲ್ಲ ಅಂತ ಎಲ್ಲೂ ಬರೆದಿರಲ್ಲ. ಅದೂ ಮೆಗಾಬಿಟ್ ಲೆಕ್ಕ. 8 ಬಿಟ್ ಸೇರಿದ್ರೆ ಒಂದು ಬೈಟ್. ಪೂರ್ತಿ ವೇಗ ಸಿಕ್ಕಿದ್ರೂ ಡೌನ್‌ಲೋಡ್ ಆಗೋದು ಸೆಕೆಂಡಿಗೆ 12.5 ಮೆಗಾಬೈಟ್.

ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಕನಿಷ್ಠ ಎಷ್ಟು ವೇಗ ಬೇಕು ಅಂತ ಸರ್ಕಾರ ಹೇಳಿದೆ. 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512, 2023ರಲ್ಲಿ 2 ಎಂಬಿಪಿಎಸ್. ಸರ್ಕಾರದ ವ್ಯಾಖ್ಯೆಗೇ ಒಂದು ತಳ ಇರುವಾಗ ನಾವು ಕಟ್ಟೋ ಬಿಲ್ಲಿಗೆ ಯಾಕಿಲ್ಲ? ಹಾಲಿನವನು "ಅಪ್ ಟು ಒಂದು ಲೀಟರ್" ಅಂದು ಅರ್ಧ ಲೀಟರ್ ಹಾಕಿದ್ರೆ ಸುಮ್ಮನಿರ್ತೀವಾ?

ಕನಿಷ್ಠ ವೇಗ ಎಷ್ಟು ಅಂತ ಬಿಲ್ಲಿನಲ್ಲೇ ಅಚ್ಚಾಗಬೇಕು. ಕೆಟ್ಟ ದಿನಗಳ ದುಡ್ಡು ನಾವು ಕೇಳದೇನೇ ಕಳೆದುಹೋಗಬೇಕು. ಅಲ್ಲೀವರೆಗೆ ದೂರು ಕೊಟ್ಟಾಗ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ 2012ರಲ್ಲಿ ಮಾಡಿದ ನಿಯಮ ಅದು, ಶುಲ್ಕವೂ ಇಲ್ಲ.

ಏನಂತೀರಿ?