ಮೂಗಿನ ರಕ್ತಕ್ಕೆ ಬಿಸಿಲೊಂದೇ ಕಾರಣವೆ?

ಹುಣಸಗಿಯ ಬೇಸಗೆ ಬಲು ಪ್ರಖರವಾದುದು. ಹುಡುಗನ ಮೂಗಿನಿಂದ ರಕ್ತ ಸುರಿದರೆ ನಮ್ಮ ಕಡೆಯ ಹಿರಿಯರು ಅದನ್ನು ಉಷ್ಣವೆಂದು ಬಗೆದು, ನೆತ್ತಿಗೆ ತಣ್ಣೀರು ತಟ್ಟಿ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಒಣಹವೆಗೆ ಮೂಗಿನ ಒಳಪೊರೆ ಬಿರಿಯುವುದು ನಿಜವೇ. ಬಹುಮಟ್ಟಿಗೆ ರಕ್ತವು ತಾನಾಗಿಯೇ ನಿಲ್ಲುವುದೂ ಉಂಟು. ಆದರೆ ಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿದ್ದು, ನೋವಿಲ್ಲದೆ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ, ಬಿಸಿಲನ್ನು ದೂರಿ ಸುಮ್ಮನಿರುವುದು ಸಲ್ಲದೆಂದು ನಾವು ಹೇಳಬಯಸುತ್ತೇವೆ.

ಮೂಗಿನ ಹಿಂಬದಿಯಲ್ಲಿ ಬೆಳೆಯುವ ಆಂಜಿಯೋಫೈಬ್ರೋಮವೆಂಬ ಗಡ್ಡೆಯು ಅತಿ ವಿರಳವಾದುದು. ಅದು ಕ್ಯಾನ್ಸರ್ ಅಲ್ಲ. ದೇಹದ ಬೇರೆಡೆಗೆ ಹರಡದು. ಆದರೂ ಪಕ್ಕದ ಮೂಳೆಯನ್ನು ಸವೆಸಿ ಕಣ್ಣುಗೂಡಿನತ್ತಲೂ ತಲೆಬುರುಡೆಯೊಳಕ್ಕೂ ಚಾಚಬಲ್ಲದು. ಅದರ ರಕ್ತನಾಳಗಳ ಗೋಡೆಯಲ್ಲಿ ಸಂಕೋಚಿಸುವ ಸ್ನಾಯುಪದರ ಸಾಲದಾದ್ದರಿಂದ, ಗಾಯವಾದರೆ ರಕ್ತ ನಿಲ್ಲುವುದು ಕಷ್ಟ.

ಹುಡುಗಿಯರಲ್ಲಿ ಈ ಗಡ್ಡೆ ಇಲ್ಲವೆಂಬಷ್ಟು ಅಪರೂಪ. ಆದ್ದರಿಂದಲೇ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನಿನ ಮೇಲೆ ವಿಜ್ಞಾನಿಗಳ ಸಂಶಯ ಹರಿದಿದೆ. ಆದರೆ ರೋಗಿಗಳ ರಕ್ತದಲ್ಲಿ ಸಾಮಾನ್ಯವಾಗಿ ಅದರ ಪ್ರಮಾಣ ವಯಸ್ಸಿಗೆ ತಕ್ಕಷ್ಟೇ ಇರುತ್ತದೆ! ಇದು ಹೇಗೆ? ಆಕಾಶವಾಣಿಯ ತರಂಗಗಳು ಎಲ್ಲ ಮನೆಗಳ ಮೇಲೂ ಹಾಯುತ್ತವೆ. ಆ ಆವರ್ತಾಂಕಕ್ಕೆ ಹೊಂದಿಸಿದ ರೇಡಿಯೋ ಮಾತ್ರ ನುಡಿಯುತ್ತದೆ. ಅನೇಕ ಗಡ್ಡೆಗಳ ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಕಂಡುಬಂದಿವೆ. ಎಂದಮೇಲೆ ದೋಷವು ಪ್ರಸಾರದಲ್ಲಿರದೆ ಗ್ರಹಣದಲ್ಲಿರಬಹುದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗ್ರಾಹಕಗಳನ್ನು ತಡೆಯುವ ಫ್ಲೂಟಮೈಡ್ ಔಷಧವನ್ನು ಶಸ್ತ್ರಕ್ರಿಯೆಗೆ ಮುನ್ನ ಕೊಟ್ಟಾಗ, ಪ್ರಾಯಕ್ಕೆ ಬಂದವರಲ್ಲಿ ಹೆಚ್ಚಿನವರ ಗಡ್ಡೆಗಳು ಕುಗ್ಗಿದವು. ಪ್ರಾಯಕ್ಕೆ ಬಾರದವರಲ್ಲಿ ಫಲ ಒಂದೇ ತೆರನಾಗಿರಲಿಲ್ಲ. ಎಲ್ಲ ಗಡ್ಡೆಗಳಲ್ಲೂ ಗ್ರಾಹಕಗಳು ಸಿಕ್ಕಿಲ್ಲವಾದ್ದರಿಂದ ಹಾರ್ಮೋನೊಂದೇ ಕಾರಣವೆನ್ನಲಾಗದು. ಮುಖ್ಯ ಚಿಕಿತ್ಸೆ ಇಂದಿಗೂ ಶಸ್ತ್ರಕ್ರಿಯೆಯೇ.

ಹಾರ್ಮೋನೆಂಬ ಮಾತು ಕಿವಿಗೆ ಬಿದ್ದೊಡನೆ ಗಂಡುತನಕ್ಕೇ ಕುಂದೆಂದು ನಾಚಿ, ರೋಗವನ್ನು ಮುಚ್ಚಿಡುವವರುಂಟು. ಅದಕ್ಕೆ ಆಧಾರವಿಲ್ಲ. ಪಾಲಕರು ಇಂಥ ಹುಡುಗನನ್ನು ತಡಮಾಡದೆ ಕಿವಿ-ಮೂಗು-ಗಂಟಲಿನ ತಜ್ಞರಲ್ಲಿಗೆ ಕರೆದೊಯ್ಯಬೇಕು. ಸಣ್ಣ ದವಾಖಾನೆಯಲ್ಲಿ ಗಡ್ಡೆಯ ಚೂರು ಕತ್ತರಿಸಿ ಪರೀಕ್ಷಿಸಲು ಹೋಗುವುದು ಪ್ರಾಣಕ್ಕೇ ಅಪಾಯ, ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳಿಂದಲೇ ಅದನ್ನು ಸಾಮಾನ್ಯವಾಗಿ ಗುರುತಿಸಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಗಡ್ಡೆಗೆ ರಕ್ತವೊದಗಿಸುವ ನಾಳವನ್ನು ಮೊದಲೇ ಮುಚ್ಚಿ, ಬಳಿಕ ಮೂಗಿನ ದಾರಿಯಿಂದಲೇ ಗಡ್ಡೆಯನ್ನು ತೆಗೆಯುವ ಕ್ರಮವುಂಟು.

ರೋಗ ವಿರಳವೆಂಬುದು ನಿರ್ಲಕ್ಷ್ಯಕ್ಕೆ ನೆಪವಾಗಬಾರದು. ನಮ್ಮ ಶಾಲೆಗಳ ಶಿಕ್ಷಕರು ಈ ಎರಡು ಲಕ್ಷಣಗಳನ್ನು ನೆನಪಿಟ್ಟರೆ ಸಾಕು. ಒಬ್ಬ ಹುಡುಗನಾದರೂ ವೇಳೆಗೆ ಸರಿಯಾಗಿ ವೈದ್ಯರನ್ನು ಕಂಡಾನು.