ನೊಗದ ಅಳತೆ ಮತ್ತು ‘ಅತಿಭಾರ’ದ ಅರ್ಥ

ಶ್ರಾವಕಾಚಾರ ಗ್ರಂಥಗಳನ್ನು ಅಭ್ಯಸಿಸುವವರು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಾಯಿಪಾಠವಾಗಿ ಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. (ಇಲ್ಲಿ ‘ವಧ’ವೆಂದರೆ ಕೊಲ್ಲುವುದಲ್ಲ, ಕೋಲು-ಚಾವಟಿಗಳಿಂದ ಹೊಡೆಯುವುದು ಎಂಬುದನ್ನು ಎಷ್ಟೋ ಅನುವಾದಗಳು ಮರೆಯುತ್ತವೆ.) ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಪಟ್ಟಿಯ ನಾಲ್ಕನೆಯ ಪದಕ್ಕೆ ಸಾಮಾನ್ಯವಾಗಿ ಕೊಡುವ ಅರ್ಥ ‘ಹೆಚ್ಚು ಭಾರ ಹೇರುವುದು’ ಎಂದು. ಅರ್ಥ ತಪ್ಪಲ್ಲ, ಆದರೆ ಸಾಲದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ನ್ಯಾಯವಾದ ಭಾರಕ್ಕಿಂತ ಮಿಗಿಲಾದುದನ್ನು ಹೊರಿಸುವುದು ಎಂಬ ಅಭಿಪ್ರಾಯವನ್ನು ಕೊಡುತ್ತಾರೆ. ಹಾಗಾದರೆ ಆ ನ್ಯಾಯವನ್ನು ಅಳೆಯುವುದು ಎಲ್ಲಿ?

ಬಂಡಿಯಲ್ಲಾದರೆ ಮೂಟೆಗಳನ್ನು ಎಣಿಸಬಹುದು. ನೇಗಿಲಿಗೆ ಮೂಟೆಯಿಲ್ಲ. ಉಳುವ ಎತ್ತು ಹೊರುವುದು ತೂಕವನ್ನಲ್ಲ, ಮಣ್ಣಿನ ತಡೆಯನ್ನು. ಒಂದೇ ನೇಗಿಲು ಹದವಾದ ಕೆಮ್ಮಣ್ಣಿನಲ್ಲಿ ಹಗುರ, ಒಣಗಿ ಬಿಗಿದ ಎರೆಭೂಮಿಯಲ್ಲಿ ಭಾರ. ದುಡಿಯುವ ಪ್ರಾಣಿಯು ಹೊತ್ತುಹೊತ್ತಿನವರೆಗೆ ಸುಸ್ತಾಗದೆ ಎಳೆಯಬಲ್ಲದ್ದು ಸ್ಥೂಲವಾಗಿ ತನ್ನ ಮೈತೂಕದ ಹತ್ತರಲ್ಲೊಂದು ಭಾಗದಷ್ಟು ಬಲದಿಂದ ಎಂಬುದು ಕೃಷಿ ಎಂಜಿನಿಯರುಗಳ ಲೆಕ್ಕ. ಆದರೆ ಆ ಬಲವು ಪ್ರಾಣಿಯ ಮೈಯಿಂದ ನೇಗಿಲಿಗೆ ದಾಟುವುದು ಹೆಗಲಿನ ಮೇಲಿನ ಅಂಗೈಯಗಲದ ಜಾಗದಲ್ಲಿ. ನೊಗ ಅಲ್ಲಿ ಅಗಲವಾಗಿ, ನುಣುಪಾಗಿ, ಹೆಗಲಿನ ಬಾಗಿಗೆ ಒಪ್ಪುವಂತೆ ಕೂತರೆ ಭಾರ ಹರಡುತ್ತದೆ. ದುಂಡನೆಯ ಗಳದಂತಿದ್ದರೆ ಅದೇ ಭಾರ ಒಂದು ಗೆರೆಯಲ್ಲಿ ಒತ್ತಿ ಹೆಗಲು ಬಾಯುತ್ತದೆ, ಮಳೆಗಾಲದಲ್ಲಿ ನೆನೆದ ಚರ್ಮ ಬೇಗನೆ ಹುಣ್ಣಾಗುತ್ತದೆ. ಭಾರ ಬದಲಾಗಲಿಲ್ಲ, ಅತಿಭಾರ ಮಾತ್ರ ಉಂಟಾಯಿತು.

ಈ ವಿವೇಕ ಒಕ್ಕಲಿಗರಲ್ಲಿ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ನೊಗವೇ ಸಾಕ್ಷಿ. ಉಳುಮೆಯ ನೊಗ ಗಿಡ್ಡ. ಎಡೆಕುಂಟೆ ಹೊಡೆಯುವ ನೊಗ ಉದ್ದ, ಏಕೆಂದರೆ ಎತ್ತುಗಳು ಪೈರಿನ ಸಾಲುಗಳ ನಡುವೆ ನಡೆಯಬೇಕು. ಸಾಲಿನ ಅಂತರವೇ ನೊಗದ ಅಳತೆಯನ್ನು ತೀರ್ಮಾನಿಸುತ್ತದೆ. ನೊಗಕ್ಕೆ ಈಸನ್ನು ಬಿಗಿಯುವ ಮಿಣಿಯನ್ನು ಈಸಿನ ತುದಿಯತ್ತ ಸರಿಸಿದರೆ ನೇಗಿಲು ಆಳಕ್ಕೆ ಇಳಿಯುತ್ತದೆ, ನೇಗಿಲಿನತ್ತ ತಂದರೆ ತೇಲುತ್ತದೆ. ಆಳ ಹೆಚ್ಚಿದಷ್ಟೂ ಎಳೆತ ಹೆಚ್ಚು. ಬೇಸಿಗೆಯಲ್ಲಿ ಕೆಲಸವಿಲ್ಲದೆ ಹೆಗಲು ಮೆತ್ತಗಾಗಿರುವ ಎತ್ತಿಗೆ ಮೊದಲ ದಿನಗಳಲ್ಲಿ ಆಳದ ಉಳುಮೆ ಹೇಳಬಾರದೆಂಬುದು ಇದರಿಂದಲೇ.

ಇವೆಲ್ಲಕ್ಕಿಂತ ಗಂಭೀರವಾದದ್ದು ಜೋಡಿಯ ಪ್ರಶ್ನೆ. ಎರಡೂ ಎತ್ತುಗಳು ಸಮಬಲದವಾಗಿರುವುದು ಅಪರೂಪ. ಒಂದು ಹಳೆಯದು, ಒಂದು ಈಗಷ್ಟೇ ಹೂಡಿದ ಹೋರಿ. ಒಂದು ಹಳ್ಳಿಕಾರ್, ಇನ್ನೊಂದು ಊರ ತಳಿ. ಮಿಣಿಯನ್ನು ನೊಗದ ನಟ್ಟನಡುವೆ ಕಟ್ಟಿದರೆ ಇಬ್ಬರಿಗೂ ಸಮಪಾಲು. ನೋಡುವುದಕ್ಕೆ ಅದು ನ್ಯಾಯ, ಬಲಹೀನ ಎತ್ತಿನ ಪಾಲಿಗೆ ಅನ್ಯಾಯ. ಬಲ್ಲ ರೈತ ಮಿಣಿಯನ್ನು ಬಲಿಷ್ಠ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸುತ್ತಾನೆ. ಅದರ ಕಡೆಯ ತೋಳು ಗಿಡ್ಡವಾಗಿ ಎಳೆತದ ಹೆಚ್ಚು ಪಾಲು ಅದಕ್ಕೆ ಹೋಗುತ್ತದೆ, ಉದ್ದ ತೋಳಿನ ಬಡ ಎತ್ತು ಕಡಿಮೆ ಬಲದಿಂದಲೇ ಜೊತೆಗೆ ನಡೆಯುತ್ತದೆ. ಪೂಜ್ಯಪಾದರ ‘ನ್ಯಾಯವಾದ ಭಾರ’ಕ್ಕೆ ಇದಕ್ಕಿಂತ ಚೊಕ್ಕ ವ್ಯಾಖ್ಯಾನವನ್ನು ಟೀಕಾಕಾರರಲ್ಲಿ ಹುಡುಕುವುದು ಕಷ್ಟ.

‘ಎತ್ತು ಏರಿಗೆ, ಕೋಣ ನೀರಿಗೆ’ ಎಂಬ ಗಾದೆಯನ್ನು ಪಠ್ಯಪುಸ್ತಕಗಳು ಮನಸ್ತಾಪದ ರೂಪಕವಾಗಿ ಮಾತ್ರ ಕಲಿಸುತ್ತವೆ. ಅದು ಮೊದಲು ಹೊಲದ ಅನುಭವ. ಕೋಣಕ್ಕೆ ಎತ್ತಿನಂತೆ ಇಣಿಯಿಲ್ಲ, ನಡಿಗೆ ನಿಧಾನ, ಬಿಸಿಲು ತಡೆಯದು. ಇಣಿಯ ಮುಂದೆ ಆತು ನಿಲ್ಲುವಂತೆ ಕೆತ್ತಿದ ನೊಗ ಕೋಣದ ಹೆಗಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಇವೆರಡನ್ನು ಒಂದೇ ನೊಗಕ್ಕೆ ಹೂಡಿದವನ ಪೇಚಾಟವೇ ಗಾದೆಯಾಯಿತೆಂದು ತಿಳಿಯುವುದು ಸಹಜವಾದ ಓದು.

ಆಧುನಿಕ ಕಾನೂನೂ ಹಳೆಯ ಟೀಕಾಕಾರರ ದಾರಿಯಲ್ಲೇ ನಡೆದಿದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ನಿಯಮಗಳು ಪ್ರಾಣಿಯ ಗಾತ್ರ, ಬಂಡಿಯ ಚಕ್ರ ಇವುಗಳನ್ನು ನೋಡಿ ತೂಕದ ಮಿತಿ ಹಾಕುತ್ತವೆ; ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಬಾರದೆನ್ನುತ್ತವೆ; ಮುಳ್ಳು-ಗುಬ್ಬಿಗಳಿರುವ ನೊಗವನ್ನು ನಿಷೇಧಿಸುತ್ತವೆ. ಒಳ್ಳೆಯದೇ. ಆದರೆ ಮುಳ್ಳಿಲ್ಲದ, ಅಳತೆಗೆಟ್ಟ ನೊಗವನ್ನು ಹಿಡಿಯುವ ಜರಡಿ ಅದಲ್ಲ.

ಜೈನರು ಹಿಂಸೆಗೆ ಅಂಜಿ ಕೃಷಿಯನ್ನೇ ಬಿಟ್ಟರೆಂಬ ಮಾತು ಸಂಶೋಧನೆಯಲ್ಲಿ ಪದೇ ಪದೇ ಬರುತ್ತದೆ. ಬೆಳಗಾವಿ ಸೀಮೆಯ ಜೈನ ಒಕ್ಕಲು ಮನೆತನಗಳನ್ನು ಕಂಡವರು ಹಾಗೆನ್ನಲಾರರು. ಜಿನಸೇನರ ಆದಿಪುರಾಣದಲ್ಲಿ ವೃಷಭನಾಥನು ಬೋಧಿಸುವ ಷಟ್ಕರ್ಮಗಳಲ್ಲಿ ಕೃಷಿಯೂ ಇದೆ. ಎತ್ತು ಹೂಡಿದ ಈ ಶ್ರಾವಕರು ನಾಲ್ಕನೆಯ ಅತಿಚಾರವನ್ನು ಹೊಲದಲ್ಲಿ ಹೇಗೆ ಅರ್ಥಮಾಡಿಕೊಂಡರೆಂಬುದು ಹಸ್ತಪ್ರತಿಗಳಲ್ಲಿ ಸಿಗುವ ವಿಷಯವಲ್ಲ. ಟ್ರಾಕ್ಟರಿನ ಹಿಂದೆ ನೊಗಗಳು ಅಟ್ಟ ಸೇರಿ ಒಲೆಗೂ ಹೋಗುತ್ತಿರುವಾಗ, ಅವುಗಳ ಉದ್ದ, ಹೆಗಲ ತಗ್ಗಿನ ಅಗಲ, ಮಿಣಿ ಉಜ್ಜಿದ ಗುರುತು ನಡುವಿನಿಂದ ಎಷ್ಟು ಬೆರಳು ಸರಿದಿದೆ ಎಂಬುದನ್ನು ಬರೆದಿಟ್ಟುಕೊಳ್ಳಲು, ಹೂಡಿದ ಕೈಗಳನ್ನು ಕೇಳಲು ಉಳಿದಿರುವುದು ಒಂದು ತಲೆಮಾರಿನ ಅವಕಾಶ ಮಾತ್ರ.