ನೀಲಿ ಬಣ್ಣವೂ ನಮ್ಮ ಜೀವಕೋಶವೂ

ನಮ್ಮ ಸುಂಕದಕಟ್ಟೆಯ ಬೀದಿಯಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುತ್ತಿರುವ ಯುವಕನೊಬ್ಬನು ಈಚೆಗೆ ನಾಲಗೆಯನ್ನೆಲ್ಲ ನೀಲಿ ಮಾಡಿಕೊಂಡು ತಿರುಗುತ್ತಿದ್ದಾನೆ. ಜ್ಞಾಪಕಶಕ್ತಿ ಹೆಚ್ಚುವುದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ಮೀಥಿಲೀನ್ ಬ್ಲೂ ಎಂಬ ಬಣ್ಣವನ್ನು ತರಿಸಿ ದಿನವೂ ಕೆಲವು ತೊಟ್ಟು ಕುಡಿಯುತ್ತಾನೆ. “ಬಟ್ಟೆಗೆ ಹಾಕುವ ನೀಲಿಯೇನೋ?” ಎಂದು ನನ್ನ ತಾಯಿ ಕೇಳಿದಳು. ಆ ನೀಲಿ ಬೇರೆ. ಆದರೆ ಪ್ರಶ್ನೆ ನಗತಕ್ಕದ್ದಲ್ಲ. 1876ರಲ್ಲಿ ಜರ್ಮನಿಯ ಹೈನ್ರಿಖ್ ಕಾರೋ ಇದನ್ನು ತಯಾರಿಸಿದ್ದೂ ಬಟ್ಟೆಗಾಗಿಯೇ.

ಬಿ.ಎ. ಓದುವವನಿಗೆ ಈ ಗೊಡವೆ ಏಕೆಂದು ಅಧ್ಯಾಪಕ ಮಹಾಶಯರು ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಔಷಧದ ಚೀಟಿಯಿಂದ ಹಿಡಿದು ಎಲ್ಲವನ್ನೂ ಬೀದಿಯವರು ನನ್ನ ಬಳಿಗೇ ತರುತ್ತಾರೆ. “ಅದು ನನ್ನ ವಿಷಯವಲ್ಲ” ಎಂದರೆ ಅವರಿಗೆ ಅರ್ಥವಾಗದು.

ಈ ಬಣ್ಣದ ನಿಜವಾದ ಕೆಲಸವನ್ನು ಹಾಲಿನ ಪರೀಕ್ಷೆಯಲ್ಲಿ ಕಾಣಬಹುದು. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಬಣ್ಣದ ದ್ರಾವಣ ಸೇರಿಸಿ, 37 ಡಿಗ್ರಿ ಶಾಖದಲ್ಲಿಡುತ್ತಾರೆ. ಹಾಲಿನೊಳಗಿನ ಸೂಕ್ಷ್ಮಜೀವಿಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಬಳಿಕ ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳನ್ನು ಬಣ್ಣಕ್ಕೆ ಕೊಡುತ್ತವೆ, ನೀಲಿ ಅಳಿಯುತ್ತದೆ. ಐದು ಗಂಟೆ ನೀಲಿಯಾಗಿಯೇ ಉಳಿದರೆ ಹಾಲು ಬಹಳ ಒಳ್ಳೆಯದು, ಅರ್ಧ ಗಂಟೆಯಲ್ಲಿ ಬಿಳಿಚಿದರೆ ಕೆಟ್ಟದ್ದು. (1923ರಲ್ಲಿ ಸ್ಥಾಪನೆಯಾಗಿ, 1927ರಲ್ಲಿ ಗಾಂಧೀಜಿ ಗೋಪಾಲನೆ ಕಲಿಯಲು ಬಂದಿದ್ದ ಹೈನು ಸಂಸ್ಥೆ ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿಯೇ ಇದೆ, ನಮ್ಮಲ್ಲಿ ಎಷ್ಟು ಮಂದಿ ಅತ್ತ ಕಣ್ಣು ಹಾಯಿಸಿದ್ದೇವೆ?) ಸ್ವೀಡನ್ನಿನ ಥೂನ್‌ಬೆರ್ಗ್ ಎಂಬ ವಿಜ್ಞಾನಿ ಗಾಳಿ ತೆಗೆದ ನಳಿಕೆಯಲ್ಲಿ ಸ್ನಾಯುವಿನ ಅಂಶದೊಡನೆ ಈ ಬಣ್ಣವನ್ನೇ ಇಟ್ಟು, ಜೀವಕೋಶವು ಯಾವ ಯಾವ ಪದಾರ್ಥದಿಂದ ಜಲಜನಕವನ್ನು ಕೀಳುತ್ತದೆಂದು ಕಣ್ಣಾರೆ ಕಂಡನು.

ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಎಲ್ಲಿಯಾದರೂ ದಾರಿ ಕಟ್ಟಿದರೆ, ಈ ಬಣ್ಣ ಎಲೆಕ್ಟ್ರಾನುಗಳನ್ನು ಪಕ್ಕದ ದಾರಿಯಿಂದ ದಾಟಿಸಬಲ್ಲುದು. ಜ್ಞಾಪಕಶಕ್ತಿಯ ಗುಲ್ಲು ಹುಟ್ಟಿದ್ದು ಇಲ್ಲಿಂದಲೇ. ಆದರೆ ನಳಿಕೆಯಲ್ಲಿ ಕಂಡದ್ದನ್ನು ಹೊಟ್ಟೆಗೆ ಸುರಿಯುವುದು ಯಾವ ನ್ಯಾಯ? ರಕ್ತವು ಆಮ್ಲಜನಕ ಸಾಗಿಸಲಾರದಂತೆ ಕೆಡುವ ಒಂದು ವಿಕಾರಕ್ಕೆ ವೈದ್ಯರು ಇದನ್ನು ತೂಕಕ್ಕೆ ತಕ್ಕಂತೆ ಅಳೆದು ಚುಚ್ಚುತ್ತಾರೆ. ಅಳತೆ ಮೀರಿದರೆ ಅದೇ ವಿಕಾರವನ್ನು ಇದು ತಾನೇ ತರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ರಕ್ತಕಣಗಳನ್ನು ಒಡೆಯಬಲ್ಲುದು. ಖಿನ್ನತೆಗೆ ಕೊಡುವ ಕೆಲವು ಔಷಧಗಳೊಡನೆ ಸೇರಿದರೆ ಅಪಾಯವೆಂದು ಅಮೆರಿಕದ ಔಷಧ ಇಲಾಖೆ 2011ರಲ್ಲಿಯೇ ಎಚ್ಚರಿಸಿತು. ಬಣ್ಣವಾಗಿ ಮಾರುವ ಸೀಸೆ ಕುಡಿಯಲು ಶುದ್ಧವೆಂದು ಯಾರೂ ಭರವಸೆ ಕೊಟ್ಟಿಲ್ಲ.

“ವಿಜ್ಞಾನಿಗಳೇ ಹೇಳಿದ್ದಾರಲ್ಲ” ಎನ್ನುತ್ತಾನೆ ಆ ಹುಡುಗ. ತಪ್ಪು ಅವನೊಬ್ಬನದಲ್ಲ. ಕಲೆಗೂ ವಿಜ್ಞಾನಕ್ಕೂ ನಡುವೆ ಗೋಡೆ ಕಟ್ಟಿ, ಆಚೆಯದನ್ನು ಮೊಬೈಲಿನವರ ಬಾಯಿಗೆ ಬಿಟ್ಟವರು ನಾವು. ವರ್ಷಕ್ಕೆ ಒಂದು ಮಧ್ಯಾಹ್ನ ಬಿ.ಎ. ವಿದ್ಯಾರ್ಥಿಗಳಿಗೂ ಈ ಪ್ರಯೋಗ ತೋರಿಸಬೇಕೆಂದು ನಾನು ಕೇಳುತ್ತೇನೆ. ಕೆಲವು ನಳಿಕೆ, ಬಿಸಿನೀರು, ಒಂದಿಷ್ಟು ಬಣ್ಣ ಸಾಕು. ಹಾಲನ್ನು ನಾನೇ ನಮ್ಮ ಬೀದಿಯಿಂದ ತರುತ್ತೇನೆ. ಆ ಹುಡುಗನೂ ಬರುವುದಾಗಿ ಒಪ್ಪಿದ್ದಾನೆ. ಸೀಸೆಯನ್ನು ಮಾತ್ರ ಇನ್ನೂ ಎಸೆದಿಲ್ಲ.